ತಣ್ಣನೆ ಮೇಜಿನ ಸೊಪ್ಪಕ್ಕ

ಸಾಮಿಲ್ ಮುಚ್ಚಿ ಹದಿನಾಲ್ಕು ವರ್ಷಗಳಾದವು. ಗರಗಸಗಳಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಆದರೂ ಆ ದಾರಿಯಲ್ಲಿ ಹೋಗುವಾಗ ಸೊಪ್ಪಕ್ಕನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಹಸಿ ಮರ ಸೀಳಿದ ವಾಸನೆ ಎಲ್ಲಿಂದಲೋ ತೇಲಿ ಬಂದಂತಾಗುತ್ತದೆ. ಬಂದಿರುವುದಿಲ್ಲ, ಅದು ಅವಳಿಗೂ ಗೊತ್ತು. ಸೊಪ್ಪಕ್ಕ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಮಿಲ್ಲಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂರುತ್ತಿದ್ದ ನೂರಿಪ್ಪತ್ತು ಗಂಡಸರು ಇಟ್ಟದ್ದು. ಮೊದಲು ಗೇಲಿಗೆ, ಆಮೇಲೆ ಪ್ರೀತಿಗೆ.

ಅದಕ್ಕೂ ಮೊದಲು ಅವಳು ಅಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ. ಮಧ್ಯಾಹ್ನದ ಹಂಡೆಗಳು ಮುಗಿಯುವಷ್ಟರಲ್ಲಿ ಸಂಜೆ ಪಾಳಿಯ ತಟ್ಟೆಗಳು ಬಂದು ಬೀಳುತ್ತಿದ್ದವು. ಸೋಡಾಪುಡಿಗೆ ಬೆರಳ ಸಂದಿಗಳು ಬಿರಿದಿದ್ದವು. ಅದನ್ನಾದರೂ ಸಹಿಸಬಹುದಿತ್ತು. ಎರಡನೇ ಕ್ಲಾಸಿನ ಮಗಳು ಶಾಲೆ ಬಿಟ್ಟು ಬಂದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕತ್ತಲಾಗುವವರೆಗೆ ಮನೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿರುತ್ತಿದ್ದಳಲ್ಲ, ಅದನ್ನು ಸಹಿಸಲಾಗುತ್ತಿರಲಿಲ್ಲ.

ಮರದ ಹೊಟ್ಟು ನುಂಗುವವರಿಗೆ ದಿನಾ ಹಸಿ ಸೊಪ್ಪು, ಹಣ್ಣು ಕೊಡಬೇಕೆಂದು ಒಮ್ಮೆ ಕಂಪನಿ ಡಾಕ್ಟರು ಬರೆದುಕೊಟ್ಟರು. ಒಲೆ ಮುಂದಿನ ಅಡುಗೆಯವರು, ಸೊಪ್ಪು ಹರಿಯುವುದೂ ಒಂದು ಅಡುಗೆಯಾ ಎಂದು ಮೂಗು ಮುರಿದರು. ಕೊನೆಗೆ ಮ್ಯಾನೇಜರು ಪಾತ್ರೆ ತೊಳೆಯುವವಳನ್ನು ಕರೆದರು.

"ನೋಡಮ್ಮಾ, ಒಂದು ತಿಂಗಳು ಟೈಮ್ ಕೊಡ್ತೀನಿ. ಮಧ್ಯಾಹ್ನ ಸಲಾಡ್ ಮಾಡು, ಸಂಜೆ ಪಾತ್ರೆನೂ ನೋಡ್ಕೋ. ಜನ ತಿಂದ್ರೆ ಒಲೆ ಇಲ್ಲದ ಆ ತಣ್ಣನೆ ಮೇಜು ನಿಂದೇ, ಮೂರು ಗಂಟೆಗೆ ಮನೆಗೆ ಹೋಗ್ಬಹುದು. ತಿನ್ನದಿದ್ರೆ..."

"ಮತ್ತೆ ಪಾತ್ರೆ," ಎಂದಳು ಅವಳೇ.

"ಅಷ್ಟೇ. ಅವರಿವರ ಬಾಯಿಮಾತು ನಾನು ನಂಬಲ್ಲ. ಎಂಜಲು ಬಕೆಟ್ ನೋಡ್ತೀನಿ."

ಮೂರು ಗಂಟೆ ಎಂಬುದು ಕಿವಿಗೆ ಬಿದ್ದ ಮೇಲೆ ಮಿಕ್ಕದ್ದೇನೂ ಅವಳ ತಲೆಗೆ ಹೋಗಲಿಲ್ಲ.

ಪಾತ್ರೆ ತೊಳೆದ ಕೈ ತೊಳೆಯುವುದನ್ನೇ ನಂಬುತ್ತದೆ. ಲೆಟ್ಯೂಸ್ ಸೊಪ್ಪನ್ನು ಅವಳು ಮೂರು ನೀರಿನಲ್ಲಿ ತೊಳೆದಳು. ತೊಟ್ಟಿಕ್ಕುತ್ತಿದ್ದಂತೆಯೇ ಸಣ್ಣಗೆ ಹೆಚ್ಚಿ, ಹೊತ್ತಿಗೆ ಮೊದಲೇ ಸಿದ್ಧವಾಗಿರಲಿ ಎಂದು ಬೆಳಿಗ್ಗೆ ಎಂಟಕ್ಕೇ ಉಪ್ಪು, ನಿಂಬೆರಸ ಹಾಕಿಟ್ಟಳು. ಹನ್ನೆರಡಕ್ಕೆ ಸೈರನ್ ಕೂಗುವಾಗ ಬೋಗುಣಿಯಲ್ಲಿದ್ದದ್ದು ಕೆರೆಯ ಪಾಚಿ.

ಗರಗಸದ ಮೇಸ್ತ್ರಿ ಚಮಚದಲ್ಲಿ ಎತ್ತಿ ನೋಡಿದ. ಅವನ ಹುಬ್ಬಿನ ಮೇಲೂ ಹೊಟ್ಟು ಕೂತಿತ್ತು. "ಏನಕ್ಕಾ ಇದು? ನಾವೇನು ಮೇಕೆಗಳಾ?"

ಇಡೀ ಸಾಲು ಹೋ ಎಂದಿತು. ಯಾರೋ ಮೇಕೆಯಂತೆ ಕೂಗಿಯೂ ಬಿಟ್ಟ. ಅಂದು ಬಕೆಟ್ಟು ತುಂಬಿತು, ಮರುದಿನವೂ ತುಂಬಿತು. ವಾರ ಕಳೆಯುವುದರೊಳಗೆ ಸೊಪ್ಪಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಏಳನೇ ದಿನ ಮ್ಯಾನೇಜರು ಬಂದರು. ಬಕೆಟ್ಟಿನತ್ತ ಒಮ್ಮೆ, ಅವಳತ್ತ ಒಮ್ಮೆ ನೋಡಿ ಹೋದರು.

ಆ ಸಂಜೆ ಮನೆಗೆ ನಡೆಯುತ್ತ ಅವಳು ಒಬ್ಬಳೇ ಬೈದುಕೊಂಡಳು: ಮೇಕೆಯಂತೆ, ಮೇಕೆ! ಮೇಕೆಯ ನಾಜೂಕು ಇವರಿಗೇನು ಗೊತ್ತು? ಬೈಯುತ್ತಿದ್ದವಳು ಅಲ್ಲೇ ನಿಂತುಬಿಟ್ಟಳು. ಅವಳ ಅಪ್ಪ ಮೇಕೆ ಸಾಕಿದವನು. ಬೆಳಿಗ್ಗೆ ಕಡಿದು ತಂದ ಸೊಪ್ಪನ್ನು ಅವನು ಎಂದೂ ಹಾಗೇ ಹಾಕುತ್ತಿರಲಿಲ್ಲ. ಕೊಂಬೆಗಳನ್ನು ಕೊಡವಿ, ಬೇಲಿಗೆ ತೂಗುಹಾಕಿ, ಇಬ್ಬನಿ ಆರಿದ ಮೇಲೆ ಕೊಡುತ್ತಿದ್ದ. "ಒದ್ದೆ ಎಲೆ ಹಿಡಿದು ನೋಡು ಮಗಾ, ಹೇಗೆ ಮುಖ ತಿರುಗಿಸ್ತಾವೆ," ಎನ್ನುತ್ತಿದ್ದ. ಅಪ್ಪನ ಅಂಗಿಯ ಹಸಿರು ಕಲೆ, ಬೇಲಿಯ ಮೇಲೆ ಬೀಳುತ್ತಿದ್ದ ಎಳೆಬಿಸಿಲು ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು.

ಮರುದಿನ ಅವಳು ಮನೆಯಿಂದ ಎರಡು ದಿಂಬಿನ ಚೀಲ ತಂದಳು. ತೊಳೆದ ಸೊಪ್ಪನ್ನು ಅದರೊಳಗೆ ತುಂಬಿ, ಬಾಯಿ ಹಿಡಿದು, ಹಿತ್ತಲ ಬಾಗಿಲಲ್ಲಿ ನಿಂತು ಗಿರಗಿರ ಬೀಸಿದಳು. ಅದೇ ಹೊತ್ತಿಗೆ ನಲ್ಲಿಗೆ ಬಂದ ಮೇಸ್ತ್ರಿಯ ಮುಖಕ್ಕೆ ನೀರು ರಾಚಿತು.

"ಏನಕ್ಕಾ, ಬಿಸಿಲಲ್ಲಿ ಮಳೆ ಬರಿಸ್ತಿದ್ದೀಯಾ?"

"ಮುಖ ತೊಳ್ಕೊಳ್ಳೋಕೇ ತಾನೇ ಬಂದಿದ್ದು? ಅರ್ಧ ಕೆಲಸ ನಾನೇ ಮುಗಿಸ್ಕೊಟ್ಟೆ, ಹೋಗು."

ಎಲೆ ಆರಿತು. ಹಣ್ಣು ಬೇಕಿತ್ತು. ಮರದ ದಿಮ್ಮಿಗಳ ಹಿಂದೆ ಯಾರೂ ಕೇಳದ ಒಂದು ಪೇರ್ ಹಣ್ಣಿನ ಮರವಿತ್ತು. ಹಣ್ಣು ಉದುರಿ ಕಣಜದ ಹುಳಗಳ ಪಾಲಾಗುತ್ತಿತ್ತು. ಕಣಜಗಳಿಗಿಂತ ಮೊದಲೇ ಎದ್ದು ಅವಳು ಬುಟ್ಟಿ ತುಂಬಿಕೊಳ್ಳತೊಡಗಿದಳು. ಬ್ರೆಡ್ಡಿಗೆ ಚೀಸ್ ಕೊಯ್ಯುವಾಗ ಉಳಿಯುವ ಗಟ್ಟಿ ತುದಿಗಳನ್ನು ಅಡುಗೆಯವರು ಎಸೆಯುತ್ತಿದ್ದರು. ಅವನ್ನು ಬೇಡಿ ತಂದು ಕಾಗದದಷ್ಟು ತೆಳ್ಳಗೆ ಹೆರೆದಳು. ಎಲೆಯನ್ನು ಚಾಕುವಿಗೆ ಕೊಡದೆ ಕೈಯಲ್ಲೇ ಹರಿದಳು. ಸೈರನ್ ಕೂಗಿದ ಮೇಲೆ ಹಣ್ಣು ಕೊಯ್ದಳು. ಸಾಲು ಮೇಜಿನ ಮುಂದೆ ಬಂದು ನಿಂತ ಮೇಲೆ ನಿಂಬೆರಸ, ಎಣ್ಣೆ, ಒಂದು ಚಿಟಿಕೆ ಉಪ್ಪು.

ಮೇಸ್ತ್ರಿ ಹಣ್ಣಿನ ಹೋಳನ್ನಷ್ಟೇ ಹೆಕ್ಕಿ ಬಾಯಿಗೆ ಹಾಕಿಕೊಂಡ. ಅಗಿಯುವುದನ್ನು ನಿಲ್ಲಿಸಿ ಗಂಟಲು ಮುಟ್ಟಿಕೊಂಡ.

"ಬೆಳಿಗ್ಗೆಯಿಂದ ಹೊಟ್ಟು ಕಟ್ಕೊಂಡಿತ್ತು ಕಣಕ್ಕಾ. ಬಿಟ್ಕೊಂತು."

"ಎಲೆನೂ ತಿನ್ನು. ಕಚ್ಚಲ್ಲ ಅದು."

ತಿಂದ. ಗರುಕ್ ಎಂದ ಸದ್ದು ಪಕ್ಕದವನಿಗೂ ಕೇಳಿಸಿತು. "ಲೋ, ಈ ಉಪ್ಪುಪ್ಪು ಚೀಸ್ ಚೂರಿನ ಜೊತೆ ಹಣ್ಣು ತಿಂದು ನೋಡ್ರೋ," ಎಂದು ಅವನು ಹಿಂದಿನವರಿಗೆ ಹೇಳಿದ್ದೇ ತಡ, ಸಾಲು ಮುಂದಕ್ಕೆ ಒತ್ತಿತು. ಆ ಗರುಕ್ ಸದ್ದು ಇಂದಿಗೂ ಸೊಪ್ಪಕ್ಕನ ಕಿವಿಯಲ್ಲಿದೆ. ಒಂದು ಕಾಲದಲ್ಲಿ ಇಡೀ ಕ್ಯಾಂಟೀನೇ ಹಾಗೆ ಸದ್ದು ಮಾಡುತ್ತಿತ್ತು ಎಂದು ನೆನೆಯುವಾಗ ಮುಖ ಅರಳುತ್ತದೆ.

ತಿಂಗಳ ಕೊನೆಯ ದಿನ ಮ್ಯಾನೇಜರು ಬಂದು ಬಕೆಟ್ಟು ಬಗ್ಗಿ ನೋಡಿದರು. ನಾಲ್ಕು ಹಣ್ಣಿನ ದಿಂಡು, ಅಷ್ಟೇ.

"ನನಗೆ ಸ್ವಲ್ಪ ಇಟ್ಟಿದ್ದೀಯೇನಮ್ಮಾ?"

ಅಂದು ತಡವಾಗಿ ಊಟಕ್ಕೆ ಬಂದು, ಬೋಗುಣಿಯ ತಳವನ್ನು ಬ್ರೆಡ್ಡಿನಿಂದ ಒರೆಸುತ್ತಿದ್ದ ಮೇಸ್ತ್ರಿ ಬಾಯಿ ತುಂಬಿಕೊಂಡೇ ಹೇಳಿದ: "ನಾಳೆಯಿಂದ ಸಾಲಲ್ಲಿ ನಿಂತ್ಕೊಳ್ಳಿ ಸಾರ್."

ಮ್ಯಾನೇಜರು ನಗಲಿಲ್ಲ. ಗಡಿಯಾರ ನೋಡಿದರು. "ಸಂಜೆ ಪಾತ್ರೆಗೆ ಬೇರೆಯವರು ಬರ್ತಾರೆ. ನೀನು ಹೊರಡು, ಮೂರಾಯ್ತು."

ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸಿದಳು. ಆಮೇಲೆ ಏಪ್ರನ್ ಬಿಚ್ಚಿ, ಓಡುವಂತೆ ನಡೆದಳು. ಮಗಳನ್ನು ಸೇರಿಸಿದ ದಿನ ಬಿಟ್ಟರೆ ಅವಳು ಶಾಲೆಯತ್ತ ಬಂದವಳೇ ಅಲ್ಲ. ಮಕ್ಕಳು ಯಾವ ಗೇಟಿನಿಂದ ಹೊರಬರುತ್ತಾರೆಂಬುದೂ ಗೊತ್ತಿರಲಿಲ್ಲ. ಐಸ್ ಮಾರುವವನನ್ನು ಕೇಳಿ ತಿಳಿದುಕೊಂಡಳು. ಕೊಡೆ ಹಿಡಿದ ತಾಯಂದಿರ ನಡುವೆ, ತಾನೂ ದಿನಾ ಬರುವವಳೇ ಎಂಬಂತೆ ನಿಂತಳು.

ಗಂಟೆ ಹೊಡೆಯಿತು. ಗುಂಪಿನ ಕೊನೆಯಲ್ಲಿ ನೆಲ ನೋಡುತ್ತ ಬರುತ್ತಿದ್ದ ಮಗಳು ತಲೆ ಎತ್ತಿ ಅಮ್ಮನನ್ನು ಕಂಡು ಹೆದರಿದಳು. ಓಡಿ ಬಂದು ಸೀರೆ ಹಿಡಿದುಕೊಂಡಳು.

"ಏನಾಯ್ತಮ್ಮಾ? ಕೆಲಸದಿಂದ ತೆಗೆದ್ಬಿಟ್ರಾ?"

"ಇಲ್ವೇ," ಎಂದು ಅವಳು ಮಗಳ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡಳು. "ಸುಮ್ನೆ ಬಂದೆ. ನಾಳೆನೂ ಬರ್ತೀನಿ."