ಕಪಿಲೆ ಬಾವಿಯ ಟೀಚರ್ ಟ್ರೈನಿಂಗ್

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮೆಲ್ಲಗೆ ಮಾತನಾಡುವುದು ಯಾರಿಗೂ ಬರುತ್ತಿರಲಿಲ್ಲ. ಕತ್ರಿಗುಪ್ಪೆಯ ನಮ್ಮ ಹೊಲದ ಈ ತುದಿಯಲ್ಲಿ ನಿಂತು ಅಪ್ಪ ಕೂಗಿದರೆ ಆ ತುದಿಯಲ್ಲಿ ಮೇಯುವ ಎತ್ತು ತಲೆ ಎತ್ತುತ್ತಿತ್ತು. ಅಜ್ಜಿಗೆ ಕಿವಿ ಮಂದ, ಹಾಗಾಗಿ ಅವರು ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು. ನನ್ನ ಗಂಟಲು ಎಂಥದ್ದೆಂದು, ಮಕ್ಕಳೇ, ನಿಮಗೇ ಗೊತ್ತು. ಬಾಲ್ಕನಿಯಿಂದ ನಿಮ್ಮನ್ನು ಊಟಕ್ಕೆ ಕರೆದರೆ ವಾಚ್‌ಮನ್ ಕೂಡ ಓಡಿ ಬರುತ್ತಾನೆ! ಅಂಥ ಮನೆಯಲ್ಲಿ ಅಕ್ಕನಿಗೆ ಮಾತ್ರ ಗುಬ್ಬಿಯ ದನಿ.

ಆದರೆ ನಮ್ಮೂರಿನಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳೇ. ವಿಜ್ಞಾನ ಓದಿ, ಟೀಚರ್ ಟ್ರೈನಿಂಗ್ ಮುಗಿಸಿ ಬಂದಿದ್ದಳು. ದೂರದ ಊರಿನ ಶಾಲೆಯೊಂದು ಅವಳನ್ನು ಕರೆದಿತ್ತು. 'ಒಂಟಿ ಹೆಣ್ಣುಮಗಳನ್ನ ಅಷ್ಟು ದೂರ ಕಳ್ಸಲ್ಲ' ಎಂದು ಅಜ್ಜಿ ಹಟ ಹಿಡಿದರು. ಉಳಿದದ್ದು ಒಂದೇ ಶಾಲೆ, ಜಯನಗರದಲ್ಲಿ ಆಗಷ್ಟೇ ಶುರುವಾಗಿದ್ದ ಹೈಸ್ಕೂಲು. ಅಲ್ಲಿ ಕೆಲಸ ಸಿಗದಿದ್ದರೆ ಅಕ್ಕ ಮನೆಯಲ್ಲೇ ಕೂರಬೇಕಿತ್ತು. ಓದಿದ್ದೆಲ್ಲ ನೀರಿನಲ್ಲಿ ಹೋಮ.

ಆ ಶಾಲೆಯಲ್ಲಿ ನಾನು ಎಂಟನೇ ತರಗತಿಯಲ್ಲಿದ್ದೆ. ಕಟ್ಟಡ ಇನ್ನೂ ಏಳುತ್ತಿತ್ತು. ತಗಡಿನ ಚಾವಣಿಯ ಉದ್ದನೆಯ ಶೆಡ್ಡಿನಲ್ಲಿ ಬಿದಿರಿನ ತಟ್ಟಿ ಅಡ್ಡ ಕಟ್ಟಿ ತರಗತಿಗಳನ್ನು ಮಾಡಿದ್ದರು. ವಿಜ್ಞಾನಕ್ಕೆ ಟೀಚರೇ ಇರಲಿಲ್ಲ. ವಿಜ್ಞಾನದ ಪೀರಿಯಡ್ ಬಂತೆಂದರೆ ನಾವು ಆಟದ ಬಯಲಿನಲ್ಲಿ ಕಲ್ಲು ಆರಿಸುತ್ತಿದ್ದೆವು.

ಅಲ್ಲಿನ ಹೆಡ್‌ಮಿಸ್ಟ್ರೆಸ್‌ರನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದೆವು. ಟೀಚರ್‌ಗಳನ್ನು ಆರಿಸುವುದರಲ್ಲಿ ಅವರದೇ ಒಂದು ಪದ್ಧತಿ. ಸರ್ಟಿಫಿಕೇಟನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, ನಿಜವಾದ ಮಕ್ಕಳ ಮುಂದೆ ನಿಜವಾದ ಪಾಠ ಮಾಡಿಸುತ್ತಿದ್ದರು. ತಾವು ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಕೊಡೆ ಇಟ್ಟುಕೊಂಡು ಕೂರುತ್ತಿದ್ದರು. ಕೆಲಸ ಕೇಳಲು ಹೋದ ಅಕ್ಕನ ಪಾಠ ಮುಗಿದ ಮೇಲೆ ಅವರು ಹೇಳಿದ್ದು ಇಷ್ಟು: "ತಿಳ್ಕೊಂಡಿದ್ದೀರಮ್ಮ, ಅದರಲ್ಲಿ ಸಂಶಯ ಇಲ್ಲ. ಆದ್ರೆ ಕೊನೇ ಬೆಂಚಿಗೆ ನಿಮ್ಮ ತುಟಿ ಅಲ್ಲಾಡಿದ್ದು ಕಾಣಿಸ್ತು, ಮಾತು ಕೇಳಿಸ್ಲಿಲ್ಲ. ಸೋಮವಾರ ಇನ್ನೊಂದು ಸಲ ಬನ್ನಿ. ಆಗ್ಲೂ ಕೇಳಿಸದಿದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ."

ಅಕ್ಕ ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ಕೇಳಿದರೆ ಹೊಗೆ ಎಂದಳು. ಅಪ್ಪ ವಿಷಯ ಕೇಳಿ, "ಇಷ್ಟೇನಾ? ಬೆಳಿಗ್ಗೆ ಬಾವಿ ತಾವ ಬಾ. ಅದೇನು ಪಾಠವೋ ನಂಗೆ ಮಾಡು" ಎಂದರು.

ನಮ್ಮದು ಕಪಿಲೆ ಬಾವಿ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಹೋದ ಹಾಗೆ ದೊಡ್ಡ ಚರ್ಮದ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಮೇಲಿನ ಗಾಲಿ ಕಿರ್ರೋ ಎಂದು ಅರಚುತ್ತಿತ್ತು, ನೀರು ಧೋ ಎಂದು ಕಾಲುವೆಗೆ ಬೀಳುತ್ತಿತ್ತು, ಒದ್ದೆ ಮಣ್ಣಿನ ಜೊತೆ ಕೊತ್ತಂಬರಿ ಸೊಪ್ಪಿನ ವಾಸನೆ ಏಳುತ್ತಿತ್ತು. ಅಪ್ಪ ಎತ್ತುಗಳ ಹಿಂದೆ ಇದ್ದರು, ಅಕ್ಕ ಹೊಲದ ಆಚೆ ಬದುವಿನ ಮೇಲೆ. ಕಪಿಲೆಯ ಗಲಾಟೆಯನ್ನು ದಾಟಿ ಅವಳ ಗಾಳಿಯ ಒತ್ತಡದ ಪಾಠ ಅಪ್ಪನನ್ನು ಮುಟ್ಟಬೇಕಿತ್ತು. ಕೇಳಿಸದಿದ್ದರೆ ಅಪ್ಪ ಕಿವಿಗೆ ಕೈ ಹಚ್ಚುತ್ತಿದ್ದರು. ಮೊದಲ ದಿನವೆಲ್ಲ ಆ ಕೈ ಕಿವಿಯಿಂದ ಇಳಿಯಲೇ ಇಲ್ಲ.

"ಗಂಟ್ಲಿಂದ ಕಿರುಚಬೇಡ ಕಣವ್ವ, ಹೊಟ್ಟೆಯಿಂದ ಕೂಗು!" ಎಂದು ಹೇಳಿಕೊಟ್ಟರು. ದಿನ ಕಳೆದ ಹಾಗೆ ದನಿ ಬದು ಇಳಿದು, ಸೊಪ್ಪಿನ ಮಡಿ ದಾಟಿ ಬಂತು. ಕೊನೆಗೊಂದು ಬೆಳಿಗ್ಗೆ ಅಕ್ಕ, "ಗಾಳಿ ನಮ್ಮನ್ನ ಒತ್ತುತ್ತಾ, ಇಲ್ವಾ?" ಎಂದು ಕೂಗಿದಾಗ ಅಪ್ಪ ಚಾಟಿ ಮೇಲೆತ್ತಿ, "ಕೇಳ್ಸ್ತು ಕಣವ್ವೋ! ಒತ್ತಲ್ಲ! ಒತ್ತಿದ್ರೆ ನನ್ ಕಾಲ್ನೋವು ಯಾವಾಗ್ಲೋ ಹೋಗ್ತಿತ್ತು!" ಎಂದು ತಿರುಗಿ ಕೂಗಿದರು. ಅಕ್ಕ ಬದುವಿನ ಮೇಲೆ ಕುಸಿದು ಕೂತು ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದನ್ನು ನಾನು ಅಂದೇ ನೋಡಿದ್ದು.

ಸೋಮವಾರ ಅಪ್ಪ ಸೊಪ್ಪಿನ ಗಾಡಿಯಲ್ಲೇ ನಮ್ಮಿಬ್ಬರನ್ನೂ ಯಡಿಯೂರು ಕೆರೆ ಏರಿಯ ಮೇಲಿಂದ ಕರೆತಂದರು. ಮಾರ್ಕೆಟ್ಟಿಗೆ ಹೋಗುವ ಬದಲು ಶಾಲೆಯ ಗೇಟಿನಲ್ಲೇ ಗಾಡಿ ಬಿಟ್ಟು ನಿಂತರು. ಅಕ್ಕನ ಪಾಠ ಒಂಬತ್ತನೇ ತರಗತಿಗೆ, ಅಂದರೆ ನಮ್ಮ ಪಕ್ಕದ ಕೋಣೆಗೆ. ತಟ್ಟಿಯ ಸಂದಿಗೆ ಕಣ್ಣಿಟ್ಟು ನಾನು ಕೂತೆ. ಕರಿಹಲಗೆ, ಮೇಜಿನ ಮೇಲೊಂದು ಗಾಜಿನ ಲೋಟ, ಅಕ್ಕನ ನೀಲಿ ಸೀರೆ, ಹಿಂದೆ ದೊಡ್ಡ ಮೇಡಂ ಕೊಡೆ.

ಅಕ್ಕ ಉಸಿರು ಎಳೆದುಕೊಂಡಳು. ಅವಳಿಗೆ ಎದುರಿನ ಮಕ್ಕಳು ಕಾಣಲಿಲ್ಲವೋ ಏನೋ, ಬರೀ ಕಪಿಲೆ ಬಾವಿಯೇ ಕಂಡಿರಬೇಕು. "ಗಾಳಿ ನಮ್ಮನ್ನ ಒತ್ತುತ್ತಾ, ಇಲ್ವಾ?" ಎಂದು ಹೊಟ್ಟೆಯಿಂದ ಕೂಗಿದಳು ನೋಡಿ, ತಗಡು ಝಣ್ ಎಂದಿತು! ನಮ್ಮ ತರಗತಿ ಒಕ್ಕೊರಲಿನಿಂದ "ಒತ್ತುತ್ತೆ ಮೇಡಂ!" ಎಂದಿತು. ಆ ಕಡೆಯ ಹತ್ತನೇ ತರಗತಿ "ಇಲ್ಲ ಮೇಡಂ!" ಎಂದಿತು. ಅಷ್ಟರಲ್ಲಿ ಗೇಟಿನಿಂದ, ವಾರವಿಡೀ ಆಗಿದ್ದ ರೂಢಿಯಿಂದ, ಅಪ್ಪನ ದನಿ ಬಂತು: "ಕೇಳ್ಸ್ತು ಕಣವ್ವೋ!"

ಇಡೀ ಶೆಡ್ಡು ನಗೆಯಲ್ಲಿ ಮುಳುಗಿತು. ಅಕ್ಕನ ಮುಖ ಕೆಂಪಾಯಿತು. ಕೆಲಸ ಹೋಯಿತು ಎಂದೇ ನಾನು ತಿಳಿದೆ.

ಅಕ್ಕ ಮೇಜಿನ ಮೇಲಿದ್ದ ಲೋಟ ಕೈಗೆತ್ತಿಕೊಂಡಳು. ಲೋಟದ ತುಂಬ ನೀರು ತುಂಬಿಸಿ, ಮೇಲೆ ಒಂದು ರಟ್ಟಿನ ಚೂರು ಮುಚ್ಚಿ, ಅಂಗೈ ಒತ್ತಿ ಹಿಡಿದು ಲೋಟವನ್ನು ತಲೆಕೆಳಗು ಮಾಡಿದಳು. ಆಮೇಲೆ ನಿಧಾನವಾಗಿ ಕೈ ತೆಗೆದಳು. ರಟ್ಟು ಬೀಳಲಿಲ್ಲ. ಒಂದು ಹನಿ ನೀರೂ ಬೀಳಲಿಲ್ಲ. ನಗು ಅಲ್ಲೇ ಅಡಗಿತು. ಆ ಮೌನದಲ್ಲಿ ಅಕ್ಕ ತನ್ನ ಗುಬ್ಬಿ ದನಿಯಲ್ಲೇ, "ಈ ನೀರನ್ನ ಯಾರು ಹಿಡ್ಕೊಂಡಿದ್ದಾರೆ?" ಎಂದು ಕೇಳಿದಳು. ತಟ್ಟಿಯ ಈಚೆ ಇದ್ದ ನನಗೂ ಅದು ಸ್ಪಷ್ಟವಾಗಿ ಕೇಳಿಸಿತು.

ಪಾಠ ಮುಗಿದ ಮೇಲೆ ದೊಡ್ಡ ಮೇಡಂ ನೇರವಾಗಿ ಗೇಟಿಗೆ ನಡೆದರು. ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದರು. "ಯಜಮಾನ್ರೇ, ನಿಮ್ಮ ಟ್ರೈನಿಂಗ್ ಮುಗೀತು. ಇನ್ನು ನನ್ನದು. ನಾಳೆಯಿಂದ ನಿಮ್ಮ ಮಗಳು ನಮ್ಮ ಸೈನ್ಸ್ ಟೀಚರ್" ಎಂದರು. ಅಪ್ಪನಿಗೆ, ನಂಬಿ ಮಕ್ಕಳೇ, ದನಿಯೇ ಹೊರಡಲಿಲ್ಲ. ಗಾಡಿಯಿಂದ ಒಂದು ಕಂತೆ ಕೊತ್ತಂಬರಿ ತೆಗೆದು ಅವರ ಕೈಗಿಟ್ಟರು.

ಆಮೇಲೆ ಒಂದು ತಿಂಗಳು ದೊಡ್ಡ ಮೇಡಂ ದಿನಾ ಅಕ್ಕನ ಒಂದು ಪಾಠಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಹೊಸ ಟೀಚರ್ ಯಾರೇ ಬಂದರೂ ಅಲ್ಲಿ ಹಾಗೆಯೇ. ದನಿ ತಗ್ಗಿದರೆ ಕೊಡೆ ಮೇಲೇಳುತ್ತಿತ್ತು, ಜಾಸ್ತಿಯಾದರೆ ಕೆಳಗಿಳಿಯುತ್ತಿತ್ತು. ಬೈಗುಳವಿಲ್ಲ, ಮಕ್ಕಳ ಮುಂದೆ ಒಂದು ಮಾತಿಲ್ಲ. ಮುಂದೆ ಅಕ್ಕನೇ ಹೆಡ್‌ಮಿಸ್ಟ್ರೆಸ್ ಆದಾಗ ಅವಳೂ ಒಂದು ಕೊಡೆ ಕೊಂಡಳು. ನಾವೇನೂ ಕಲ್ಲು ಆರಿಸುತ್ತಾ ಉಳಿಯಲಿಲ್ಲ, ನಮ್ಮ ತರಗತಿಯೆಲ್ಲ ವಿಜ್ಞಾನದಲ್ಲಿ ಜಮ್ಮೆಂದು ಪಾಸಾಯಿತು.

ಈಗ ಆ ಬಾವಿಯ ಜಾಗದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇದೆ. ಕತ್ರಿಗುಪ್ಪೆ ಸಿಗ್ನಲ್ಲಿನ ಹಾರನ್ನುಗಳ ನಡುವೆ ಅಪ್ಪ ಕೂಗಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ. ನಿಮ್ಮ ಮಿಸ್ ಕೊರಳಿಗೆ ಮೈಕ್ ಸಿಕ್ಕಿಸಿಕೊಳ್ಳುತ್ತಾರೆ, ಗೋಡೆಯ ಪರದೆಯ ಮೇಲೆ ಚಿತ್ರಗಳು ಓಡುತ್ತವೆ. ಒಳ್ಳೆಯದೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಭಾನುವಾರ ಮನೆಗೆ ಬರುವ ನಿಮ್ಮ ದೊಡ್ಡಜ್ಜಿ ಇದ್ದಾಳಲ್ಲ, ಅವಳೇ ನನ್ನ ಅಕ್ಕ. ಈ ಸಲ ಗಮನಿಸಿ. ನಾನು ಎಷ್ಟು ಅರಚಿದರೂ ನೀವು ಟಿವಿ ಆರಿಸುವುದಿಲ್ಲ. ಅವಳು ಸೋಫಾದ ಮೇಲೆ ಕೂತು ಮೆಲ್ಲಗೆ ಬಾಯಿ ತೆರೆದರೆ ಸಾಕು, ಯಾರೂ ಹೇಳದೆಯೇ ನಿಮ್ಮಲ್ಲೊಬ್ಬರ ಕೈ ರಿಮೋಟಿಗೆ ಹೋಗುತ್ತದೆ.