ಅಡುಗೆಮನೆಗೆ ಬಂದ ವೈಫೈ

ಹೊಸಮನೆ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆಂದರೆ ಮುಗಿಯಿತು, ಇನ್ನು ವಾದ ಬೇಡವೆಂದು ಅರ್ಥ. "ನಾನಿದ್ದಲ್ಲಿಗೆ ಅದು ಬರ್ಲಿ" ಎನ್ನುವುದು ಅವರ ಮಾತು. ತರಕಾರಿ ಗಾಡಿಗೂ ಅದೇ, ಗ್ಯಾಸ್ ಸಿಲಿಂಡರಿಗೂ ಅದೇ. ಇದನ್ನು ಹಟ ಎಂದವರಿದ್ದಾರೆ. ಅನ್ನಲಿ.

ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಫೋನನ್ನು ಉಪ್ಪಿನ ಜಾಡಿಗೆ ಒರಗಿಸಿ, ಭದ್ರಾವತಿಯ ನಾಲ್ಕಾರು ಹೆಂಗಸರಿಗೆ ವಚನ ಹಾಡಲು ಕಲಿಸುತ್ತಿದ್ದರು. ಮನೆಗೆ ಹೊಸ ವೈಫೈ ಬಂದು, ಪೆಟ್ಟಿಗೆ ಹಾಲ್‌ನ ಟಿವಿ ಪಕ್ಕ ಕೂತಿದ್ದೇ ತಡ, ಒಳಗೆ ಹಾಡು ತುಂಡುತುಂಡಾಯಿತು.

"ಇದ್ರಲ್ಲಿ ಎರಡು ಸಿಗ್ನಲ್ ಇದೆ. ಫೈವ್ ಗಿಗಾಹರ್ಟ್ಸ್ ಸ್ಪೀಡಮ್ಮ, ಆದ್ರೆ ಗೋಡೆ ದಾಟೋಕೆ ಒದ್ದಾಡುತ್ತೆ. ಟೂ ಪಾಯಿಂಟ್ ಫೋರ್ ದಾಟುತ್ತೆ, ನಿಧಾನ," ಎಂದ ವೈಫೈ ಹಾಕುವವನು. ಆ ನಿಧಾನದ್ದರಲ್ಲಿ ಅಕ್ಕನ ತಾಳಕ್ಕೂ ಭದ್ರಾವತಿಯವರ ಹಾಡಿಗೂ ಹೊಂದಲಿಲ್ಲ.

"ಹಾಲ್‌ಗೇ ಬಂದು ಹಾಡೇ. ಯಾರು ಬೇಡ ಅಂದ್ರು?" ಎಂದರು ಅಕ್ಕನ ಯಜಮಾನರು, ಟಿವಿಯಿಂದ ಕಣ್ಣು ತೆಗೆಯದೆ.

ಸೆರಗು ಸೊಂಟಕ್ಕೆ ಹೋಯಿತು. "ಟಿವಿ ಆರಿಸ್ತೀರಾ?"

ಯಜಮಾನರು ರಿಮೋಟನ್ನು ತೊಡೆಯ ಕೆಳಗೆ ಸರಿಸಿಕೊಂಡರು.

"ವೈರ್ ಒಳಗೆ ಎಳಿ ಮಾರಾಯ," ಎಂದರು ಅಕ್ಕ ವೈಫೈಯವನಿಗೆ. "ನಾನಿದ್ದಲ್ಲಿಗೆ ಅದು ಬರ್ಲಿ."

ಪೆಟ್ಟಿಗೆ ಅಡುಗೆಮನೆಯ ಗೋಡೆಗೇರಿತು. ವೈಫೈಯಲ್ಲೇ ಓಡುತ್ತಿದ್ದ ಹಾಲ್‌ನ ಟಿವಿಯಲ್ಲಿ ಕ್ರಿಕೆಟ್ ನಿಂತು ನಿಂತು ಬರತೊಡಗಿತು.

ಒಂದು ಸಂಜೆ ಹೆಪ್ಪಿಗೆ ಮೊಸರು ಕೇಳಲು ಹೋದೆ. ಯಜಮಾನರು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ಉಪ್ಪಿನ ಜಾಡಿಗೆ ತಮ್ಮ ಫೋನ್ ಒರಗಿಸಿ, ಮ್ಯಾಚ್ ನೋಡುತ್ತ ಬೆಳ್ಳುಳ್ಳಿ ಬಿಡಿಸುತ್ತಿದ್ದರು.

"ಅವರಿಗೂ ಫೈವ್ ಬೇಕಂತೆ," ಎಂದರು ಅಕ್ಕ. "ಬರ್ಲಿ. ಆದ್ರೆ ಇಲ್ಲಿ ಸುಮ್ನೆ ಕೂರೋ ಹಾಗಿಲ್ಲ."