ರೊಟ್ಟಿ ಅಕ್ಕನ ಎಡಗಿವಿ

ಕಳೆದ ವಾರ ಬಿ.ಪಿ. ಮಾತ್ರೆಗೆಂದು ಮೆಡಿಕಲ್ ಶಾಪಿನ ಮುಂದೆ ನಿಂತಿದ್ದೆ. ನನ್ನ ಮುಂದಿದ್ದ ಹುಡುಗಿಯ ಮೂಗಿನ ಪಕ್ಕ ಸಣ್ಣದೊಂದು ಪ್ಲಾಸ್ಟರ್. ಮಚ್ಚೆ ತೆಗೆಸಿಕೊಂಡಿದ್ದಾಳಂತೆ, ಕಲೆ ಉಳಿಯದಿರಲೆಂದು ಡಾಕ್ಟರು ಸಿಲಿಕೋನ್ ಜೆಲ್ ಬರೆದುಕೊಟ್ಟಿದ್ದಾರಂತೆ. ಅಂಗಡಿಯವನು ಕಿರುಬೆರಳಿನಷ್ಟುದ್ದದ ಟ್ಯೂಬನ್ನು ಗಾಜಿನ ಮೇಲಿಟ್ಟ. ಒಂದು ಕಾಲಕ್ಕೆ ಅಂಥದೇ ಟ್ಯೂಬು ದಿನಾ ಸಂಜೆ ನನ್ನ ಮನೆಗೆ ಬರುತ್ತಿತ್ತು. ನನ್ನದಲ್ಲ, ಎದುರು ಮನೆಯ ರೊಟ್ಟಿ ಅಕ್ಕನದು...

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾನು ಚಿತ್ತವಾಡ್ಗಿಯಲ್ಲಿ ಒಬ್ಬಳೇ ಬಾಡಿಗೆಗಿದ್ದೆ. ಸಂಡೂರಿನ ಆಚೆಯ ಹಳ್ಳಿ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಎರಡೂ ಹೊತ್ತು ಅದಿರು ಲಾರಿಗಳ ಹಿಂದೆ. ಮನೆ ಸೇರುವ ಹೊತ್ತಿಗೆ ಕೂದಲ ಬುಡದವರೆಗೂ ಕೆಂಪು ಧೂಳು. ಬೀಗ ತೆಗೆದು ಒಳಗೆ ಹೋದರೆ ಯಾರ ಮುಖವೂ ನೋಡುವುದು ಬೇಡ ಅನಿಸುತ್ತಿತ್ತು.

ಎದುರು ಮನೆಯಾಕೆ ನನಗಿಂತ ಹತ್ತು ವರ್ಷ ದೊಡ್ಡವಳು. ಜೋಳದ ರೊಟ್ಟಿ ಬಡಿದು ಮೆಸ್ಸುಗಳಿಗೆ ಕಳಿಸುತ್ತಿದ್ದಳು. ಓಣಿಗೆಲ್ಲ ಆಕೆ ರೊಟ್ಟಿ ಅಕ್ಕ. ಗಂಡನಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಮಗಳನ್ನು ಕಂಪ್ಲಿಗೆ ಕೊಟ್ಟಿದ್ದರು. ಅಕ್ಕನಿಗೆ ಅಲಂಕಾರದ ಹುಚ್ಚು. ಒಲೆಯ ಮುಂದೆ ಕೂತಾಗಲೂ ತಲೆಯಲ್ಲಿ ಹೂವು, ಕಿವಿಯಲ್ಲಿ ಅವರವ್ವ ಕೊಟ್ಟ ಭಾರದ ಜುಮುಕಿ. ಆ ಭಾರಕ್ಕೆ ಕಿವಿಯ ತೂತು ವರ್ಷವರ್ಷವೂ ಕೆಳಗಿಳಿಯುತ್ತಾ ಬಂದಿತ್ತು. ಒಂದು ದಿನ ತಮ್ಮನ ಕೂಸು ಆಟಕ್ಕೆ ಹಿಡಿದು ಜಗ್ಗಿತು. ಎಡಗಿವಿಯ ಹಾಲೆ ಸೀಳಿ ಎರಡಾಯಿತು.

ಬಳ್ಳಾರಿಗೆ ಹೋಗಿ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ಬಂದಾಗ ಓಣಿಯಲ್ಲಿ ನಕ್ಕವರೇ ಹೆಚ್ಚು. ಮಗಳಿಗೆ ಮಗುವಾಗುವ ಹೊತ್ತಿನಲ್ಲಿ ಇವಳಿಗೇಕೆ ಇದೆಲ್ಲ ಎಂದರು. ಅಕ್ಕ ಜಗ್ಗಲಿಲ್ಲ. "ಕಿವಿ ನಂದು, ಜುಮುಕಿ ನಮ್ಮವ್ವಂದು. ನಿಮಗೇನ್ ಕಷ್ಟ?" ಎಂದು ಬಾಯಿ ಮುಚ್ಚಿಸಿದಳು.

ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಕೊಟ್ಟ ಚೀಟಿ ಓದಿಸಲು ನನ್ನ ಬಳಿ ಬಂದಳು. ಚೀಟಿ ಇಂಗ್ಲಿಷಿನಲ್ಲಿತ್ತು. ದಿನಕ್ಕೆರಡು ಸಲ ಜೆಲ್ ಹಚ್ಚಬೇಕು, ಮೆಲ್ಲಗೆ ಒತ್ತಿ ತಿಕ್ಕಬೇಕು, ಬಿಸಿಲಿಗೆ ಗಾಯ ತೋರಬಾರದು. ಮೂರು ತಿಂಗಳು ಕಿವಿ ಚುಚ್ಚಿಸಬಾರದು. ಆಮೇಲೂ ಹೊಲಿಗೆಯ ಗೆರೆ ಬಿಟ್ಟು ಪಕ್ಕಕ್ಕೆ ಚುಚ್ಚಿಸಬೇಕು. ಗೆರೆಯ ಮೇಲೆ ಚುಚ್ಚಿದರೆ ಕಲೆ ಗಂಟಾಗಿ ಬೆಳೆಯಬಹುದು. ನಾನೇ ಎರಡೆರಡು ಸಲ ಬಿಡಿಸಿ ಹೇಳಿದೆ.

ಬೆಳಗಿನದನ್ನು ತಾನೇ ಹೇಗೋ ಹಚ್ಚಿಕೊಳ್ಳುತ್ತಿದ್ದಳು. ಸಂಜೆಯದು ನನ್ನ ಪಾಲಿಗೆ ಬಂತು. ನಾನು ಮುಖ ತೊಳೆದು ಕೂರುವುದೇ ತಡ, ಎರಡು ಬಿಸಿ ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಟೀಚರ್ರ, ಜರಾ ಹಚ್ಚಿಕೊಡ್ರಿ. ಹಿಂದಿನ ಗೆರಿ ನನಗ ಕಾಣಂಗಿಲ್ಲ."

ಅಕ್ಕಿಕಾಳಿನಷ್ಟು ಜೆಲ್ಲು, ಎರಡು ಬೆರಳ ನಡುವೆ ಕಿವಿಯ ಹಾಲೆ, ಹತ್ತು ನಿಮಿಷ. ಆ ಹತ್ತು ನಿಮಿಷವೂ ಆಕೆಯ ಬಾಯಿಗೆ ಬಿಡುವಿರಲಿಲ್ಲ. ಮೆಸ್ಸಿನವನು ರೊಟ್ಟಿ ದಪ್ಪ ಅಂದದ್ದು, ಮಗಳಿಗೆ ಹುಳಿ ತಿನ್ನುವ ಆಸೆಯಾದದ್ದು... ಹೂಂ, ಹೂಂ ಅನ್ನುತ್ತಾ ಗಡಿಯಾರ ನೋಡುತ್ತಿದ್ದೆ. ಮೊದಲ ವಾರ ಪ್ರೀತಿಯಿಂದಲೇ ಹಚ್ಚಿದೆ. ಐದನೇ ವಾರಕ್ಕೆ ಗೇಟಿನ ಸದ್ದು ಕೇಳಿದರೆ ಸಿಟ್ಟು ಬರುತ್ತಿತ್ತು. ಆಕೆಯ ಕಿವಿಗೆ ನಾನು ಡ್ಯೂಟಿ ಮಾಡಬೇಕಾ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ.

ಗೆರೆ ಮಾತ್ರ ಚೆನ್ನಾಗಿ ಮಾಯುತ್ತಿತ್ತು. ಇನ್ನೂ ಕೆಂಪಗಿದ್ದರೂ ಮುಟ್ಟಿದರೆ ಮೆತ್ತಗಿತ್ತು. ಅಷ್ಟರಲ್ಲಿ ಮಗಳ ಕುಬಸ ನಿಗದಿಯಾಯಿತು. ಏಳನೇ ತಿಂಗಳಿನ ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ತವರಿನವರು ಸೀರೆ, ಹಸಿರು ಬಳೆ ಒಯ್ಯಬೇಕು. ತಾಯಿ ಮುಂದೆ ನಿಂತು ಉಡಿ ತುಂಬಬೇಕು. ಮುತ್ತೈದೆ ಬರಿಗಿವಿಯಲ್ಲಿ ನಿಂತರೆ ಬೀಗರ ಮನೆಯಲ್ಲಿ ಮಾತಾಗುತ್ತದೆ. ಚುಚ್ಚದೆ ಒತ್ತಿ ಕೂರಿಸುವ ಓಲೆ ಸಿಗುತ್ತದಲ್ಲ ಎಂದು ನೆನಪಿಸಿದೆ.

"ನಾಟಕದವ್ರ ಓಲಿ ಹಾಕ್ಕೊಂಡು ಮಗಳ ಉಡಿ ತುಂಬ್ಲೇನ್ರಿ?" ಎಂದಳು. ಆದರೆ ಮರುಕ್ಷಣವೇ ದನಿ ತಗ್ಗಿಸಿ ಕೇಳಿದಳು. "ಮೂರು ತಿಂಗಳಾಗಿಲ್ಲಲ್ರಿ. ನೀವ ಓದಿ ಹೇಳೀರಿ. ಈಗ ಚುಚ್ಚಿಸಿದ್ರ ನಡಿತೈತೇನ್ರಿ?"

ಆಗ ನಾನು ಬೇಡ ಅಂದಿದ್ದರೆ ಆಕೆ ಕೇಳುತ್ತಿದ್ದಳು. ಬೀಗರು ಏನಾದರೂ ಅಂದುಕೊಳ್ಳಲಿ, ಒತ್ತು ಓಲೆಯಲ್ಲೇ ಹೋಗುತ್ತಿದ್ದಳು. ಓದಿದವರ ಮಾತಿಗೆ ಆಕೆ ಅಷ್ಟು ಬೆಲೆ ಕೊಡುತ್ತಿದ್ದಳು. ನಾನೇ ಆಕೆಯನ್ನು ಚಿನ್ನದ ಕೆಲಸದ ಪತ್ತಾರನ ಅಂಗಡಿಗೆ ಕರೆದುಕೊಂಡು ಹೋದೆ.

ಪತ್ತಾರ ಕಿವಿಯನ್ನು ಬೆಳಕಿಗೆ ಹಿಡಿದು ನೋಡಿದ. ಹಿಂದುಮುಂದು ನೋಡಿ ಸೂಜಿಯನ್ನು ಕೆಳಗಿಟ್ಟ.

"ಗೆರಿ ಇನ್ನಾ ಹಸಿ ಐತಲ್ರಿ ಟೀಚರ್. ಪಕ್ಕಕ್ಕ ಹಾಕಿದ್ರ ಜುಮುಕಿ ಸೊಟ್ಟ ಕುಂದ್ರತೈತಿ, ಗೆರಿ ಮ್ಯಾಲ ಹಾಕಾಕ ನನಗ ಧೈರ್ಯ ಇಲ್ಲ. ಏನ್ ಮಾಡ್ಲಿ?"

ಅಕ್ಕ ಆತನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ದಿನ ಬಸ್ಸಿನಲ್ಲಿ ನಿಂತೇ ಬಂದಿದ್ದೆ, ಕಾಲು ಬಿದ್ದುಹೋಗಿದ್ದವು. ಹಸಿ ತೂತಿನ ಮೇಲೆ ತಿಕ್ಕುವಂತಿಲ್ಲ, ಇವತ್ತು ಚುಚ್ಚಿದರೆ ನಾಳೆಯಿಂದ ಜೆಲ್ ಹಚ್ಚುವುದು ತಪ್ಪುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

"ಏನಾಗಂಗಿಲ್ಲ, ಗೆರಿ ಮ್ಯಾಲ ಹಾಕ್ರಿ" ಎಂದೆ.

ಕುಬಸ ಚೆನ್ನಾಗಿ ಆಯಿತು. ಎರಡೇ ತಿಂಗಳಲ್ಲಿ ತೂತಿನ ಹಿಂದೆ ಹುಣಸೆ ಬೀಜದಷ್ಟು ಗಂಟು ಎದ್ದಿತು. ಆಮೇಲೆ ಅಡಿಕೆಯಷ್ಟಾಯಿತು. ಸದಾ ತುರಿಕೆ, ಒಲೆಯ ಮುಂದೆ ಕೂತರೆ ಇನ್ನೂ ಹೆಚ್ಚು. ಜುಮುಕಿ ಪೆಟ್ಟಿಗೆ ಸೇರಿತು. ಬಳ್ಳಾರಿಯಲ್ಲಿ ತಿಂಗಳಿಗೊಂದು ಇಂಜೆಕ್ಷನ್, ನೇರ ಗಂಟಿನೊಳಗೇ. ಆ ನೋವಿಗೆ ಗಟ್ಟಿಗಿತ್ತಿ ಅಕ್ಕನೂ ಅಳುತ್ತಿದ್ದಳಂತೆ. ಗಂಟನ್ನು ಒತ್ತಿಹಿಡಿಯುವ ಕ್ಲಿಪ್ಪನ್ನೂ ಹಾಕಿಕೊಂಡಳು. ಗಂಟು ತಗ್ಗಿತು, ಹೋಗಲಿಲ್ಲ. ನಾಲ್ಕು ಇಂಜೆಕ್ಷನ್ನಿಗೆ ಸಾಕೆಂದು ಬಿಟ್ಟಳು. ಕೊನೆಕೊನೆಗೆ ಎಡಗಡೆ ತಲೆಯ ಮೇಲೆ ಸೆರಗು ಹೊದ್ದೇ ರೊಟ್ಟಿ ಬಡಿಯುತ್ತಿದ್ದಳು. ಹೂವು ಮುಡಿಯುವುದೂ ನಿಂತಿತು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಯಾರಾದರೂ ಕೇಳಿದರೆ "ನಾನ ಅವಸರ ಮಾಡಿದೆ ಬಿಡ್ರಿ, ಮಗಳ ಕುಬಸ ಇತ್ತಲ್ಲ" ಅನ್ನುತ್ತಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದಾಗಲೂ ಅದೇ ಮಾತು. ನಾನು ಬಾಯಿ ಬಿಡಲಿಲ್ಲ. ಮರುವರ್ಷ ಸಂಡೂರಿನಲ್ಲೇ ಮನೆ ಮಾಡಿಕೊಂಡು ಹೋದೆ. ಬಸ್ಸಿನ ಸುಸ್ತು ತಪ್ಪಲಿ ಎಂದು ಎಲ್ಲರಿಗೂ ಹೇಳಿದೆ. ಆ ಸೆರಗಿನಿಂದ ದೂರ ಹೋಗುವುದೂ ಬೇಕಾಗಿತ್ತು.

ಅಕ್ಕ ಎರಡು ವರ್ಷದ ಹಿಂದೆ ಕಂಪ್ಲಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡಳು. ದಿವಸದ ಕಾರ್ಯಕ್ಕೆ ಹೋಗಿದ್ದೆ. "ನನ್ನ ಕುಬಸದ ಸಲುವಾಗಿ ಅವ್ವ ಕಿವಿ ಕೆಡಿಸಿಕೊಂಡ್ಲು ಆಂಟಿ" ಎಂದು ಮಗಳು ನನ್ನ ಹೆಗಲ ಮೇಲೆ ಅತ್ತಳು. ಅವಳ ಬೆನ್ನು ಸವರಿದೆ. ಊಟ ಮಾಡಿ ಬಂದೆ. ಅಷ್ಟು ಹೇಡಿ ನಾನು.

ಮೆಡಿಕಲ್ ಶಾಪಿನಿಂದ ಬಂದ ದಿನ ಕಂಪ್ಲಿಗೆ, ಅಕ್ಕನ ಮಗಳಿಗೆ ಫೋನ್ ಮಾಡಿದೆ.

"ಪತ್ತಾರ ಹಿಂದ ಸರದಿದ್ದವ್ವ. ನಿಮ್ಮವ್ವನೂ ಹೆದರಿದ್ಲು. ಚುಚ್ಚು ಅಂದಾಕಿ ನಾನು. ದಿನಾ ಹಚ್ಚಿ ಹಚ್ಚಿ ನನಗ ಬ್ಯಾಸರಾಗಿತ್ತು, ಅದಕ್ಕ ಅಂದೆ. ನಿನ್ನ ಕುಬಸದ್ದು ಏನೂ ತಪ್ಪಿಲ್ಲ."

ಆ ಕಡೆಯಿಂದ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು.

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ ಆಂಟಿ?" ಎಂದಳು. ಸಿಟ್ಟೇ ಇತ್ತು ದನಿಯಲ್ಲಿ. ಆಮೇಲೆ ಅವಳೇ ನಿಧಾನಕ್ಕೆ ಹೇಳಿದಳು.

"ಜೆಲ್ ಹಚ್ಚಿಕೊಳ್ಳಾಕ ಅಪ್ಪ ಎರಡು ಕನ್ನಡಿ ತಂದುಕೊಟ್ಟಿದ್ದ. ಹಿಂದೊಂದು ಮುಂದೊಂದು ಹಿಡಿದ್ರ ಗೆರಿ ಪೂರಾ ಕಾಣತಿತ್ತು. ಮುಂಜಾನೆ ಅದರಾಗ ನೋಡ್ಕೊಂಡ ಹಚ್ಕೊಂತಿದ್ಲು. ಸಂಜಿಗಿ ಮಾತ್ರ ನಿಮ್ಮನಿಗೆ ಬರ್ತಿದ್ಲು. 'ಟೀಚರ್ ಒಬ್ರಾ ಇರ್ತಾರ, ದಣದು ಬಂದು ಉಣ್ಣದ ಮಲಗತಾರ. ಕಿವಿ ನೆವ ಮಾಡಿ ಹೋದ್ರ ರೊಟ್ಟಿ ಹೊಟ್ಟಿಗಿ ಬೀಳತೈತಿ, ಒಂದೀಟು ಮಾತೂ ಆಡ್ತಾರ' ಅಂತ ನನಗ ಫೋನಿನಾಗ ಹೇಳ್ತಿದ್ಲು..."

ಫೋನಿಟ್ಟ ಮೇಲೆ ಅತ್ತೆ. ಆಕೆ ಹೋದಾಗಲೂ ಹಾಗೆ ಅತ್ತಿರಲಿಲ್ಲ.